ಬುಡಾಪೆಸ್ಟಿನ ನಟರ ಒಂದು ತಲೆಮಾರು ಚದುರಿದ್ದು ಹೇಗೆ

1931ರಲ್ಲಿ ಮೂರು ಊರುಗಳಲ್ಲಿ ಮೂರು ಟಾಕಿಗಳು ತೆರೆಕಂಡವು. ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ‘ಡ್ರಾಕುಲಾ’, ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ‘ಎಂ’, ನವೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ‘ಹಿಪ್ಪೊಲಿತ್’. ಮೊದಲನೆಯದರಲ್ಲಿ ಬೇಲ ಲುಗೋಶಿ, ಎರಡನೆಯದರಲ್ಲಿ ಪೀಟರ್ ಲೋರೆ, ಮೂರನೆಯದರಲ್ಲಿ ಜ್ಯೂಲ ಕಬೋಶ್, ಜ್ಯೂಲ ಚೋರ್ತೋಶ್, ಪಾಲ್ ಯಾವೊರ್. ಐವರೂ ಹಳೆಯ ಹಂಗೇರಿ ರಾಜ್ಯದಲ್ಲಿ ಹುಟ್ಟಿದವರು. ಹಿರಿಯ ಲುಗೋಶಿ 1882ರವನು, ಕಿರಿಯ ಲೋರೆ 1904ರವನು. ವಯಸ್ಸಿನಲ್ಲಿ ಅಂತರವಿದ್ದರೂ ಎರಡು ಮಹಾಯುದ್ಧಗಳ ನಡುವೆ ಹೆಸರು ಮಾಡಿದವರೆಂಬ ಲೆಕ್ಕದಲ್ಲಿ ಒಂದೇ ತಲೆಮಾರು. ಇವರಲ್ಲಿ ಯಾರು ಎಲ್ಲಿಗೆ ತಲುಪಿದರು ಎಂಬುದನ್ನು ಪ್ರತಿಭೆಯ ಕತೆಯಾಗಿ ಹೇಳುವುದು ರೂಢಿ. ದಾಖಲೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಕಾಣುವುದೇ ಬೇರೆ: ಯಾರು ಯಾವ ವರ್ಷ ಊರು ಬಿಟ್ಟರು, ಯಾರ ಕೈಯಲ್ಲಿ ಯಾವ ಪರವಾನಗಿ ಇತ್ತು ಎಂಬುದೇ ಹೆಚ್ಚಿನದನ್ನು ತೀರ್ಮಾನಿಸಿತು.

ಮೊದಲ ಒಡಕು 1919ರದು. ಮಾರ್ಚ್ 21ರಿಂದ ಆಗಸ್ಟ್ 1ರವರೆಗೆ, 133 ದಿನ, ಹಂಗೇರಿಯಲ್ಲಿ ಕಮ್ಯುನಿಸ್ಟ್ ಸರ್ಕಾರವಿತ್ತು. ಲುಗೋಶಿ ಆಗ ಬುಡಾಪೆಸ್ಟಿನ ರಾಷ್ಟ್ರೀಯ ರಂಗಮಂದಿರದ ನಟ. ಅಲ್ಲಿ ಅವನಿಗೆ ಸಿಗುತ್ತಿದ್ದವು ಹೆಚ್ಚಾಗಿ ಸಣ್ಣ ಪಾತ್ರಗಳೇ. ನಟರ ಸಂಘ ಕಟ್ಟುವ ಕೆಲಸದಲ್ಲಿ ಮುಂದೆ ನಿಂತಿದ್ದ ಕಾರಣ ಸರ್ಕಾರ ಬಿದ್ದಾಗ ವಿಯೆನ್ನಾಕ್ಕೆ, ಅಲ್ಲಿಂದ ಬರ್ಲಿನ್ನಿಗೆ, ಕೊನೆಗೆ ಅಮೆರಿಕಕ್ಕೆ ಓಡಬೇಕಾಯಿತು. ನ್ಯೂಯಾರ್ಕಿನಲ್ಲಿ ಶುರುಮಾಡಿದ್ದು ಹಂಗೇರಿಯನ್ ವಲಸಿಗರಿಗಾಗಿ ಹಂಗೇರಿಯನ್ನಿನಲ್ಲೇ ಆಡುವ ನಾಟಕಗಳಿಂದ. 1922ರಲ್ಲಿ ಇಂಗ್ಲಿಷ್ ನಾಟಕವೊಂದರಲ್ಲಿ ಪಾತ್ರ ಸಿಕ್ಕಾಗ ಭಾಷೆ ಬಾರದೆ ಮಾತುಗಳನ್ನು ಬರಿಯ ಉಚ್ಚಾರಣೆಯಾಗಿ ಬಾಯಿಪಾಠ ಮಾಡಿದ. ‘ಡ್ರಾಕುಲಾ’ ಚಿತ್ರಕ್ಕೆ ಅವನಿಗೆ ಸಿಕ್ಕಿದ್ದು ವಾರಕ್ಕೆ 500 ಡಾಲರಿನಂತೆ ಏಳು ವಾರದ ಸಂಬಳ, ಒಟ್ಟು 3,500 ಡಾಲರ್. ಆ ಎಳೆದೆಳೆದು ಆಡುವ ಮಾತು ಅವನಿಗೆ ಕೆಲಸ ಕೊಟ್ಟಿತು, ಬೇರೆ ಬಗೆಯ ಕೆಲಸ ಸಿಗದಂತೆಯೂ ಮಾಡಿತು.

ಮರುವರ್ಷದ ಪೆಟ್ಟು ಇನ್ನೂ ಆಳವಾದದ್ದು, ಆದರೆ ಸಿನಿಮಾ ಇತಿಹಾಸಗಳಲ್ಲಿ ಅದರ ಪ್ರಸ್ತಾಪ ಕಡಿಮೆ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿಯ ಮೇಲೆ ಹೇರಿದ, 1920ರ ಜೂನ್ 4ರ ತ್ರಿಯಾನೋನ್ ಶಾಂತಿ ಒಪ್ಪಂದದಿಂದ ಹಂಗೇರಿ ತನ್ನ ನೆಲದ ಮೂರರಲ್ಲಿ ಎರಡು ಪಾಲು ಕಳೆದುಕೊಂಡಿತು. ಅದರೊಂದಿಗೆ ಕೊಲೊಜ್‌ವಾರ್, ನಾಗ್ಯವಾರದ್, ತೆಮೆಶ್ವಾರ್, ಕಶ್ಶ, ಪೊಜೋನಿ ನಗರಗಳ ರಂಗಮಂದಿರಗಳೂ ಹೋದವು. ನಟನೊಬ್ಬ ಪ್ರಾಂತ್ಯದ ಕಂಪನಿಗಳಲ್ಲಿ ಹಲವು ಋತು ದುಡಿದು, ಅಪೆರೆಟ್ಟಾ (ಹಗುರವಾದ ಸಂಗೀತ ನಾಟಕ), ದುರಂತ, ಪ್ರಹಸನ ಎಲ್ಲವನ್ನೂ ಆಡಿ, ಪಳಗಿದ ಮೇಲೆ ರಾಜಧಾನಿಗೆ ಬರುವುದು ಅಲ್ಲಿನ ಕ್ರಮ. ಲುಗೋಶಿ ತೆಮೆಶ್ವಾರಿನಲ್ಲಿ ಆಡಿ ಬಂದವನು, ಕಬೋಶ್ ನಾಗ್ಯವಾರದ್‌ನಲ್ಲಿ. ಆ ಊರುಗಳು ಗಡಿಯಾಚೆ ಹೋದಾಗ ನಟರು ಬುಡಾಪೆಸ್ಟಿಗೇ ಬಂದು ತುಂಬಿಕೊಂಡರು. ಇವರ ಹುಟ್ಟೂರುಗಳನ್ನು ಇಂದಿನ ಭೂಪಟದಲ್ಲಿ ಹುಡುಕುವವರು ಎಡವುವುದೂ ಇಲ್ಲೇ. ಲುಗೋಶಿಯ ಲುಗೋಶ್, ಯಾವೊರನ ಅರಾದ್ ಈಗ ರೊಮೇನಿಯಾದಲ್ಲಿವೆ. ಚೋರ್ತೋಶನ ಮುಂಕಾಚ್ ಉಕ್ರೇನಿನಲ್ಲಿ, ಲೋರೆಯ ರೋಜಹೆಗ್ಯ್ ಸ್ಲೊವಾಕಿಯಾದಲ್ಲಿ. ಹಾಗೆಂದು ಇವರನ್ನು ರೊಮೇನಿಯನ್, ಸ್ಲೊವಾಕ್ ನಟರೆಂದು ಬರೆಯುವುದು ತಪ್ಪು. ಲೋರೆಯ ಸಂಗತಿ ಮಾತ್ರ ಸ್ವಲ್ಪ ಬೇರೆ: ಅವನು ಬೆಳೆದದ್ದು ವಿಯೆನ್ನಾದಲ್ಲಿ, ನಟಿಸಿದ್ದು ಜರ್ಮನ್ ಭಾಷೆಯಲ್ಲಿ.

ಟಾಕಿ ಬಂದಾಗ ಹಂಗೇರಿಗೆ ಎದುರಾದದ್ದು ಸಣ್ಣ ಭಾಷೆಯ ದೊಡ್ಡ ತೊಂದರೆ. ಮೂಕಿ ಚಿತ್ರದ ಬರಹದ ಫಲಕ ಬದಲಿಸಿದರೆ ಅದನ್ನು ಯಾವ ದೇಶಕ್ಕಾದರೂ ಮಾರಬಹುದಿತ್ತು. ಹಂಗೇರಿಯನ್ ಮಾತು ಗಡಿ ದಾಟಿದರೆ ಯಾರಿಗೂ ತಿಳಿಯದು. ಆದ್ದರಿಂದ ಬುಡಾಪೆಸ್ಟಿನ ಹುನ್ನಿಯಾ ಸ್ಟುಡಿಯೊದಲ್ಲಿ ಇಶ್ತ್ವಾನ್ ಸೇಕೆಯ್ ನಿರ್ದೇಶಿಸಿದ ‘ಹಿಪ್ಪೊಲಿತ್’ ಎರಡು ಸಲ ತಯಾರಾಯಿತು: ಹಂಗೇರಿಯನ್ ನಟರ ಒಂದು ಆವೃತ್ತಿ, ಬೇರೆ ತಾರಾಗಣದ ಜರ್ಮನ್ ಆವೃತ್ತಿ ಇನ್ನೊಂದು. ಕತೆ ಸರಳ. ಹೊಸದಾಗಿ ದುಡ್ಡು ಕಂಡ ಸಾಗಣೆ ವ್ಯಾಪಾರಿಯ ಮನೆಗೆ ಶ್ರೀಮಂತ ಕುಲದವರಲ್ಲಿ ಚಾಕರಿ ಮಾಡಿದ ಬಟ್ಲರ್ ಬರುತ್ತಾನೆ. ವ್ಯಾಪಾರಿಯಾಗಿ ಕಬೋಶ್, ಬಟ್ಲರ್ ಆಗಿ ಚೋರ್ತೋಶ್, ತರುಣ ಪ್ರೇಮಿಯಾಗಿ ಯಾವೊರ್. ಕಬೋಶನ ಗಡಿಬಿಡಿ, ತೊದಲು, ಅರ್ಧಕ್ಕೇ ನಿಲ್ಲುವ ವಾಕ್ಯಗಳು ಮುಂದಿನ ಏಳೆಂಟು ವರ್ಷ ಹಂಗೇರಿಯ ಹಾಸ್ಯಚಿತ್ರಗಳ ಬೆನ್ನೆಲುಬಾದವು. ಆ ಹಾಸ್ಯ ನಿಂತಿದ್ದದ್ದು ಪೂರ್ತಿಯಾಗಿ ಮಾತಿನ ಮೇಲೆ. ಮುಂದೆ ಅವನಿಗೆ ಮುಳುವಾದದ್ದೂ ಅದೇ.

1938ರ 15ನೇ ಕಾಯಿದೆ ಹಂಗೇರಿಯ ಮೊದಲ ‘ಯಹೂದಿ ಕಾನೂನು’, ಎಂದರೆ ಯಹೂದಿಗಳ ಕೆಲಸಕ್ಕೆ ಮಿತಿ ಹಾಕಿದ ಕಾನೂನು. ಅದರಡಿ ‘ರಂಗಭೂಮಿ ಮತ್ತು ಚಲನಚಿತ್ರ ಕಲೆಗಳ ಚೇಂಬರ್’ ಎಂಬ ಸಂಸ್ಥೆ ಹುಟ್ಟಿತು. ಒಂದು ವಿಭಾಗ ರಂಗಭೂಮಿಗೆ, ಇನ್ನೊಂದು ಸಿನಿಮಾಕ್ಕೆ. ಸದಸ್ಯತ್ವ ಇಲ್ಲದವನು ವೇದಿಕೆ ಹತ್ತುವಂತಿಲ್ಲ, ಕ್ಯಾಮೆರಾ ಮುಂದೆ ನಿಲ್ಲುವಂತಿಲ್ಲ. ಯಹೂದಿ ಸದಸ್ಯರು ನೂರಕ್ಕೆ 20 ಮೀರುವಂತಿರಲಿಲ್ಲ. 1939ರ 4ನೇ ಕಾಯಿದೆ ಅದನ್ನು 6ಕ್ಕೆ ಇಳಿಸಿ, ರಂಗಮಂದಿರದ ನಿರ್ದೇಶಕನಂಥ ಹುದ್ದೆಗಳನ್ನು ಯಹೂದಿಗಳಿಗೆ ಪೂರ್ತಿ ಮುಚ್ಚಿತು. ಮತಾಂತರವಾಗಿದ್ದರೂ ಹೆಚ್ಚಿನವರಿಗೆ ವಿನಾಯಿತಿ ಸಿಗಲಿಲ್ಲ. ಚೇಂಬರಿನ ಅಧ್ಯಕ್ಷ ಫೆರೆಂತ್ಸ್ ಕಿಶ್ ಸ್ವತಃ ನಟ. ಯಾರು ಆಡಬೇಕು, ಯಾರು ಆಡಬಾರದು ಎಂಬುದನ್ನು ಅದೇ ಕಸುಬಿನವನೊಬ್ಬ ತೀರ್ಮಾನಿಸಿದ.

ಬರಹಗಾರರು ಇದಕ್ಕೊಂದು ಅಡ್ಡದಾರಿ ಕಂಡುಕೊಂಡರು: ಬರೆಯುವವನೊಬ್ಬ, ಪರದೆಯ ಮೇಲೆ ಹೆಸರು ಇನ್ನೊಬ್ಬನದು. ಹೀಗಾಗಿ 1939ರಿಂದ 1944ರವರೆಗಿನ ಹಂಗೇರಿಯನ್ ಚಿತ್ರಗಳಲ್ಲಿ ಚಿತ್ರಕಥೆಗಾರನ ಹೆಸರನ್ನು ಕಣ್ಣುಮುಚ್ಚಿ ನಂಬಬಾರದು. ನಟನಿಗೆ ಆ ದಾರಿ ಇಲ್ಲ, ಅವನ ಮುಖವನ್ನು ಇನ್ನೊಬ್ಬರ ಹೆಸರಿನಲ್ಲಿ ತೋರಿಸಲಾಗದು. ಕೆಲಸ ಕಳೆದುಕೊಂಡ ಯಹೂದಿ ಕಲಾವಿದರಿಗೆ ಉಳಿದದ್ದು ಬುಡಾಪೆಸ್ಟಿನ ಗೋಲ್ಡ್‌ಮಾರ್ಕ್ ಸಭಾಂಗಣ. 1939ರ ಕೊನೆಯಿಂದ 1944ರ ಮಾರ್ಚ್‌ವರೆಗೆ ಒಮಿಕೆ ಎಂಬ ಯಹೂದಿ ಸಾಂಸ್ಕೃತಿಕ ಸಂಘ ಅಲ್ಲಿ ಯಹೂದಿ ಪ್ರೇಕ್ಷಕರಿಗಾಗಿ ನಾಟಕ, ಅಪೆರಾ, ಕಚೇರಿಗಳನ್ನು ನಡೆಸಿತು.

ಯಹೂದಿಯಾಗಿದ್ದ ಕಬೋಶ್ 1939ರಲ್ಲಿ ನ್ಯೂಯಾರ್ಕಿಗೆ ಹೊರಟಾಗ ಅವನಿಗೆ ಐವತ್ತೆರಡರ ಹತ್ತಿರ. ವಲಸಿಗರ ಸಭಾಂಗಣಗಳಾಚೆ ಅವನ ಹಾಸ್ಯಕ್ಕೆ ಅಲ್ಲಿ ಗಿರಾಕಿಗಳಿರಲಿಲ್ಲ; 1941ರ ಅಕ್ಟೋಬರಿನಲ್ಲಿ ಅಲ್ಲೇ ತೀರಿಕೊಂಡ. ಇದನ್ನು ಪಾಲ್ ಲೂಕಾಸ್ ಜೊತೆ ಇಟ್ಟು ನೋಡಬೇಕು. ಬುಡಾಪೆಸ್ಟಿನ ವೀಗ್ ರಂಗಮಂದಿರದ ತಾರೆಯಾಗಿದ್ದ ಲೂಕಾಸ್ 1927ರಲ್ಲೇ, ಸಿನಿಮಾ ಇನ್ನೂ ಮೂಕಿಯಾಗಿದ್ದಾಗ, ಅಮೆರಿಕಕ್ಕೆ ಹೋದವನು. ಇಂಗ್ಲಿಷ್ ಕಲಿಯಲು, ಉಚ್ಚಾರಣೆಯ ಕೊರತೆಯನ್ನು ‘ಯುರೋಪಿನ ಸಭ್ಯಸ್ಥ’ನ ಪಾತ್ರಗಳಿಗೆ ಒಗ್ಗಿಸಿಕೊಳ್ಳಲು ಅವನಿಗೆ ಸಮಯ ಸಿಕ್ಕಿತು. 1944ರ ಮಾರ್ಚ್ 2ರಂದು ಅತ್ಯುತ್ತಮ ನಟನ ಆಸ್ಕರ್ ಅವನ ಪಾಲಾಯಿತು. ಸೋತವರಲ್ಲಿ ‘ಕಾಸಾಬ್ಲಾಂಕಾ’ದ ಹಂಫ್ರಿ ಬೋಗಾರ್ಟ್ ಕೂಡ ಇದ್ದ. ಆ ‘ಕಾಸಾಬ್ಲಾಂಕಾ’ದ ನಿರ್ದೇಶಕ, ಬುಡಾಪೆಸ್ಟಿನಿಂದ 1919ರಲ್ಲಿ ಹೊರಟ ಮಿಹಾಯ್ ಕೆರ್ತೇಸ್ ಉರುಫ್ ಮೈಕೆಲ್ ಕರ್ಟಿಜ್. ಅದರಲ್ಲಿ ಪೀಟರ್ ಲೋರೆಯೂ ಇದ್ದಾನೆ, ಹಿರಿಯ ಮಾಣಿ ಕಾರ್ಲ್ ಆಗಿ ಬುಡಾಪೆಸ್ಟಿನ ಪ್ರಹಸನ ವೇದಿಕೆಯ ಸೋಕೆ ಸಾಕಾಲ್ ಕೂಡ. ಸಾಕಾಲನೂ ಕಬೋಶನಂತೆ ತಡವಾಗಿಯೇ, ಯುದ್ಧ ಶುರುವಾಗುವ ಹೊತ್ತಿಗೆ ಅಮೆರಿಕ ಸೇರಿದವನು. ಆದರೆ ಅವನ ಗದ್ದ, ಕೆನ್ನೆ ಅಲುಗಿಸುವ ಹಾಸ್ಯಕ್ಕೆ ವ್ಯಾಕರಣ ಬೇಕಿರಲಿಲ್ಲ.

ಆಸ್ಕರ್ ಸಮಾರಂಭ ಮುಗಿದು ಹದಿನೇಳು ದಿನಕ್ಕೆ, ಮಾರ್ಚ್ 19ರಂದು, ಜರ್ಮನ್ ಸೇನೆ ಹಂಗೇರಿಯನ್ನು ಹಿಡಿದುಕೊಂಡಿತು. ಗಾಯಕಿ ಮತ್ತು ತಾರೆ ಕತಲಿನ್ ಕರಾದಿಯನ್ನು ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಬಂಧಿಸಿ ಹಿಂಸಿಸಿತು. ಬಿಡುಗಡೆಯಾದ ಮೇಲೆ ಆಕೆ ಯಹೂದಿ ಮಕ್ಕಳಿಗೆ ಆಶ್ರಯ ಕೊಟ್ಟಳು. ಅದಕ್ಕಾಗಿ ಇಸ್ರೇಲಿನ ಯಹೂದಿ ನರಮೇಧ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ 2004ರಲ್ಲಿ, ಆಕೆ ತೀರಿಕೊಂಡು ಹದಿನಾಲ್ಕು ವರ್ಷದ ನಂತರ, ಗೌರವ ಸಲ್ಲಿಸಿತು. ಯಾವೊರನ ಹೆಂಡತಿ ಯಹೂದಿ. 1944ರ ಶರತ್ಕಾಲದಲ್ಲಿ ಹಂಗೇರಿಯ ನಾಜಿಪರ ಬಾಣಶಿಲುಬೆ ಪಕ್ಷದವರು ಅವನನ್ನು ಶೋಪ್ರೋನ್‌ಕೋಹಿದ ಜೈಲಿಗೆ, ಅಲ್ಲಿಂದ ಜರ್ಮನಿಗೆ ಒಯ್ದರು.

ಯುದ್ಧ ಮುಗಿದ ಮೇಲೆ ಪರವಾನಗಿಯ ಆಟ ತಿರುಗಿತು, ನಿಲ್ಲಲಿಲ್ಲ. ಈಗ ಪ್ರತಿಯೊಬ್ಬ ನಟನೂ ಪರಿಶೀಲನಾ ಸಮಿತಿಯ ಮುಂದೆ ಯುದ್ಧಕಾಲದ ನಡತೆಗೆ ಉತ್ತರ ಕೊಡಬೇಕಿತ್ತು. ಕಿಶ್‌ಗೆ ಜನತಾ ನ್ಯಾಯಾಲಯ 8 ವರ್ಷ ಶಿಕ್ಷೆ ಕೊಟ್ಟಿತು. 1948ರಲ್ಲಿ ಸಿನಿಮಾ, 1949ರಲ್ಲಿ ರಂಗಮಂದಿರಗಳು ಸರ್ಕಾರದ ವಶವಾದವು. ಹಳೆಯ ತಾರೆಯರು ಬೂರ್ಜ್ವಾ ಕಾಲದ ಪಳೆಯುಳಿಕೆಗಳೆನಿಸಿಕೊಂಡರು. ನಾಜಿಗಳಿಂದ ಪೆಟ್ಟು ತಿಂದ ಕರಾದಿಗೂ ಹೊಸ ವ್ಯವಸ್ಥೆಯಲ್ಲಿ ಜಾಗವಿರಲಿಲ್ಲ. 1951ರಲ್ಲಿ ದೇಶ ಬಿಟ್ಟು ಬ್ರೆಜಿಲಿನ ಸಾವೊ ಪೌಲೊದಲ್ಲಿ ಟೋಪಿ ಅಂಗಡಿ ಇಟ್ಟುಕೊಂಡಳು, ಮುಂದೆ ನ್ಯೂಯಾರ್ಕಿಗೆ ಹೋದಳು. ಯಾವೊರ್ 1946ರಲ್ಲಿ ಅಮೆರಿಕಕ್ಕೆ ಹೋಗಿ ಹಾಲಿವುಡ್ಡಿನಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿದ, 1957ರಲ್ಲಿ ಮರಳಿ, ಎರಡು ವರ್ಷದಲ್ಲಿ 57ನೇ ವಯಸ್ಸಿಗೆ ತೀರಿಕೊಂಡ.

ನನ್ನ ಲೆಕ್ಕದಲ್ಲಿ ಇವರೆಲ್ಲರಲ್ಲಿ ಓದುಗರನ್ನು ಹೆಚ್ಚು ಗೊಂದಲಕ್ಕೆ ಕೆಡಹುವವನು ಅಂತಲ್ ಪಾಗೆರ್. 1899ರಲ್ಲಿ ಮಕೋ ಊರಿನಲ್ಲಿ ಹುಟ್ಟಿದ ಇವನು ಪ್ರತಿಭೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಚೇಂಬರಿನ ಕಾಲದಲ್ಲಿ ಉಗ್ರ ಬಲಪಂಥದ ಜೊತೆ ನಿಂತು, 1942ರ ಯಹೂದಿವಿರೋಧಿ ಪ್ರಚಾರ ಚಿತ್ರವೊಂದರಲ್ಲಿ ಮುಖ್ಯ ಪಾತ್ರ ಮಾಡಿದ. ಸೋವಿಯತ್ ಸೇನೆ ಹತ್ತಿರವಾದಾಗ ಓಡಿ ಕೊನೆಗೆ ಅರ್ಜೆಂಟೀನಾ ಸೇರಿದ. ಅದೇ ಪಾಗೆರನನ್ನು 1956ರಲ್ಲಿ, ಆ ಅಕ್ಟೋಬರಿನಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಎದ್ದ ಕ್ರಾಂತಿಗೆ ಸ್ವಲ್ಪ ಮೊದಲು, ಕಮ್ಯುನಿಸ್ಟ್ ಸರ್ಕಾರವೇ ವಾಪಸು ಬರಮಾಡಿಕೊಂಡಿತು: ಹೆಸರಾಂತ ವಲಸಿಗನೊಬ್ಬ ಮರಳಿದರೆ ಅದು ಸರ್ಕಾರಕ್ಕೇ ಜಾಹೀರಾತು. 1964ರ ಕಾನ್ ಉತ್ಸವದಲ್ಲಿ ‘ಪಚಿರ್ತ’ ಚಿತ್ರಕ್ಕಾಗಿ ಅತ್ಯುತ್ತಮ ನಟ ಪ್ರಶಸ್ತಿಯನ್ನು ಇಟಲಿಯ ಸಾರೊ ಉರ್ಜಿ ಜೊತೆ ಹಂಚಿಕೊಂಡ. ಕುರೂಪಿ ಮಗಳ ಮುದಿ ತಂದೆಯ ಆ ಪಾತ್ರ ಅಪ್ಪಟ ನಟನೆ. ಅದನ್ನು ಮೆಚ್ಚಲು 1942ನ್ನು ಮರೆಯಬೇಕಿಲ್ಲ. 1986ರಲ್ಲಿ ಸಾಯುವವರೆಗೂ ಅವನಿಗೆ ಬುಡಾಪೆಸ್ಟಿನಲ್ಲಿ ಕೆಲಸಕ್ಕೆ ಕೊರತೆಯಾಗಲಿಲ್ಲ.