ಪದ ಪರಿಚಯ: ಸಭೆಗಳ ‘ಅನ್ಯೋನ್ಯತೆ’

ಹಾಸನದಲ್ಲಿ ಕ್ಯಾಥೊಲಿಕರ ಮನೆ ಮದುವೆಗೆ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆ) ನೆಂಟರು ಬಂದಾಗ ಗಮನಿಸಿ. ಬಲಿಪೂಜೆಯಲ್ಲಿ ಎಲ್ಲರ ಜೊತೆ ಕೂರುತ್ತಾರೆ, ಹಾಡಿಗೆ ದನಿ ಸೇರಿಸುತ್ತಾರೆ. ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಗೆ, ಸಾಲು ಎದ್ದಾಗ ಮಾತ್ರ ಮೊಣಕಾಲು ಓರೆ ಮಾಡಿ ದಾರಿ ಬಿಟ್ಟು, ಕೂತಲ್ಲೇ ಇರುತ್ತಾರೆ. ಆಮೇಲೆ ಊಟಕ್ಕೆ ಅಕ್ಕಪಕ್ಕವೇ. ಜಗಳ ಏನಿಲ್ಲ. ಎರಡು ಸಭೆಗಳ, ಅಂದರೆ ಚರ್ಚ್‌ಗಳ, ನಡುವೆ ಪೂರ್ಣ ಅನ್ಯೋನ್ಯತೆ ಇಲ್ಲ, ಅಷ್ಟೇ.

ಸಭೆಗಳ ಮಟ್ಟಿಗೆ ಈ ಮಾತಿಗೆ ಗಟ್ಟಿ ಅರ್ಥವಿದೆ. ನಿಮ್ಮ ದೀಕ್ಷಾಸ್ನಾನ ನಮಗೆ ಒಪ್ಪಿಗೆಯೇ? ನಿಮ್ಮಲ್ಲಿ ನಾವು ಕರ್ತನ ಭೋಜನ (ಪರಮಪ್ರಸಾದಕ್ಕೆ ಪ್ರೊಟೆಸ್ಟೆಂಟರ ಹೆಸರು) ತೆಗೆದುಕೊಳ್ಳಬಹುದೇ? ನಿಮ್ಮ ಸಭಾಪಾಲಕರು (ಪಾದ್ರಿಗಳು) ನಮ್ಮಲ್ಲಿ ಅದನ್ನು ನಡೆಸಿಕೊಡಬಹುದೇ? ಮೂರಕ್ಕೂ ಹೌದು ಅಂದರೆ ಪೂರ್ಣ ಅನ್ಯೋನ್ಯತೆ. ಎಲ್ಲದರಲ್ಲೂ ಒಂದೇ ಅಭಿಪ್ರಾಯ ಇರಬೇಕು ಅಂತ ಯಾರೂ ಕೇಳುವುದಿಲ್ಲ.

ಸಲಿಂಗ ಸಂಬಂಧವನ್ನು ಒಪ್ಪಬೇಕೇ ಬೇಡವೇ ಎಂದು ಸಭೆಗಳಲ್ಲಿ ಈಗ ವಾದ ನಡೆದಿದೆ; ಅದು ಸಿಕ್ಕಿಹಾಕಿಕೊಂಡಿರುವುದು ಮೂರನೇ ಪ್ರಶ್ನೆಯಲ್ಲಿ. 1998ರಲ್ಲಿ ಜಗತ್ತಿನ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚ್ ಮೂಲದ) ಬಿಷಪ್‌ಗಳು ಲ್ಯಾಂಬೆತ್ ಸಮ್ಮೇಳನದಲ್ಲಿ, ಸಲಿಂಗ ಸಂಬಂಧ ಬೈಬಲಿಗೆ ಹೊಂದುವುದಿಲ್ಲ ಎಂದು ನಿರ್ಣಯ ಮಾಡಿದರು. ಅದೇ ನಿರ್ಣಯದಲ್ಲಿ ಸಲಿಂಗಿಗಳ ಅನುಭವ ಕೇಳಿಸಿಕೊಳ್ಳುತ್ತೇವೆ ಎಂದೂ ಮಾತು ಕೊಟ್ಟರು. 2003ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ಜೀನ್ ರಾಬಿನ್ಸನ್ ಬಿಷಪ್ ಆದರು. ಅವರು ಪುರುಷ ಸಂಗಾತಿಯ ಜೊತೆ ಬಚ್ಚಿಡದೆ ಬದುಕುತ್ತಿದ್ದವರು. ನೈಜೀರಿಯಾ, ಉಗಾಂಡಾ ಮುಂತಾದ ಸಭೆಗಳು ಅನ್ಯೋನ್ಯತೆ ಮುರಿಯಿತು ಎಂದವು. ಒಬ್ಬ ಬಿಷಪ್‌ಗೆ ಇಷ್ಟು ಗಲಾಟೆ ಯಾಕೆ? ಬಿಷಪ್ ಯಾರ ತಲೆ ಮೇಲೆ ಕೈಯಿಟ್ಟು ದೀಕ್ಷೆ ಕೊಡುತ್ತಾರೋ ಅವರೇ ಸಭಾಪಾಲಕರಾಗುವುದು. ಆ ಕೈಯನ್ನು ಒಪ್ಪದಿದ್ದರೆ, ಅದರಿಂದ ದೀಕ್ಷೆ ಪಡೆದವರೂ ಒಪ್ಪಿಗೆಯಾಗುವುದಿಲ್ಲ, ಅಲ್ವಾ? 2022ರ ಲ್ಯಾಂಬೆತ್‌ನಲ್ಲಿ ಹಲವು ಬಿಷಪ್‌ಗಳು ಚರ್ಚೆಗೆ ಬಂದರು, ಕರ್ತನ ಭೋಜನಕ್ಕೆ ಮಾತ್ರ ಏಳಲಿಲ್ಲ.

ಯುನೈಟೆಡ್ ಮೆಥಡಿಸ್ಟ್ ಎಂಬ ಇನ್ನೊಂದು ಪ್ರೊಟೆಸ್ಟೆಂಟ್ ಸಭೆಯಲ್ಲಿ ಇದು ಕಟ್ಟಡ, ಜಮೀನಿನವರೆಗೂ ಹೋಯಿತು. 2019ರಲ್ಲಿ, ಸಲಿಂಗ ಮದುವೆಗೂ ಸಲಿಂಗಿ ಸಭಾಪಾಲಕರಿಗೂ ಇದ್ದ ನಿಷೇಧ ಬಿಗಿ ಮಾಡುವ ಪ್ರಸ್ತಾಪ 438–384 ಮತಗಳಿಂದ ಗೆದ್ದಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅಮೆರಿಕದ ಸುಮಾರು 7,600 ಸ್ಥಳೀಯ ಸಭೆಗಳು ಹೊರನಡೆದವು. ಹೆಚ್ಚಿನವು ಸಂಪ್ರದಾಯದ ಕಡೆಯವೇ. ಗೆದ್ದವರೇ ಹೊರಟರು ನೋಡಿ! 2024ರಲ್ಲಿ ಉಳಿದವರು ನಿಷೇಧ ತೆಗೆದುಹಾಕಿದರು.

ಇದೆಲ್ಲ ಎಲ್ಲಿಯದೋ ಸುದ್ದಿ ಅನ್ನುವ ಹಾಗಿಲ್ಲ. ಸಿಎಸ್‌ಐ ಆಂಗ್ಲಿಕನ್ ಬಳಗದಲ್ಲೂ ಇದೆ, ಮೆಥಡಿಸ್ಟ್ ಬಳಗದಲ್ಲೂ ಇದೆ. ಹಾಸನದ ರೆಡ್‌ಫರ್ನ್ ಆಸ್ಪತ್ರೆ ವೆಸ್ಲಿಯನ್ ಮೆಥಡಿಸ್ಟರಿಂದ ಬಂದದ್ದು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಭೆಗಳು ಒಂದಾಗಿ ಸಿಎಸ್‌ಐ ಆದಾಗ, ಬಿಷಪ್ ಕೈಯಿಟ್ಟಿರದ ಸಭಾಪಾಲಕರನ್ನು ಮರುದೀಕ್ಷೆ ಇಲ್ಲದೆ ಹಾಗೇ ಸೇರಿಸಿಕೊಂಡರು. ಮನಸ್ಸಾಕ್ಷಿ ಒಪ್ಪದ ಸಭೆಯ ಮೇಲೆ ಅಂಥವರನ್ನು ಹೇರುವುದಿಲ್ಲ ಎಂದೂ ಮಾತಾಯಿತು. ಈ ಏರ್ಪಾಡಿಗೆ 30 ವರ್ಷ ಕೊಟ್ಟು, ಆಮೇಲೆ ತೀರ್ಮಾನಿಸೋಣ ಎಂದು ಕಾದರು.

ಈಗಿನ ವಾದಕ್ಕೂ ಅದೇ ದಾರಿ ಸಾಕು ಅನ್ನುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಂದು ಕಾಯುತ್ತಿದ್ದದ್ದು ಹುದ್ದೆಯ ಪ್ರಶ್ನೆ. ಇಂದು ಸುಮ್ನೆ ಕಾಯಿರಿ ಅಂದರೆ ಕಾಯಬೇಕಾದವರು ನಮ್ಮದೇ ಕಾಯರ್‌ನಲ್ಲಿ ಹಾಡುವ, ಭಾನುವಾರದ ಶಾಲೆಯಲ್ಲಿ ಪಾಠ ಹೇಳುವ ಸಲಿಂಗಿ ಹುಡುಗ ಹುಡುಗಿಯರು. 2018ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಅಪರಾಧಿಗಳ ಪಟ್ಟಿಯಿಂದ ತೆಗೆದಿದೆ. ನಮ್ಮ ಕಡೆ ಸಭೆ ಈ ಕಾರಣಕ್ಕೆ ಒಡೆದಿಲ್ಲ, ನಿಜ. ಮಾತೇ ಎತ್ತದಿದ್ದರೆ ಒಡೆಯುವುದಾದರೂ ಹೇಗೆ?