ಭುಜ ಮೂರನೇ ಸಲ ಜಾರಿದೆ, ಆಪರೇಶನ್ ಬೇಕೇ ಬೇಕಾ?

ಪ್ರಶ್ನೆ: ನನಗೆ 21 ವರ್ಷ, ಮನೆ ಕಾಪು ಹತ್ತಿರ. ಎರಡು ವರ್ಷದ ಹಿಂದೆ ಕಬಡ್ಡಿ ಆಡುವಾಗ ಬಲಭುಜ ಜಾರಿತು. ಆಮೇಲೆ ಇನ್ನೆರಡು ಸಲ. ಕೊನೆಯ ಸಲ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಮೇಲಿನ ರಾಡ್ ಹಿಡಿದು ನಿಂತಿದ್ದಾಗ. ವ್ಯಾಯಾಮದಲ್ಲೇ ಸರಿಯಾಗುವುದಿಲ್ಲವೇ?

ಉತ್ತರ: ಬಸ್ಸಿನ ಕಥೆಯಲ್ಲೇ ಅರ್ಧ ಉತ್ತರವಿದೆ. ನಾಲ್ಕು ಜನ ಮೈಮೇಲೆ ಬಿದ್ದು ಜಾರಿದ್ದು ಬೇರೆ, ಡ್ರೈವರ್ ಬ್ರೇಕ್ ಒತ್ತಿದ್ದಕ್ಕೇ ಜಾರಿದ್ದು ಬೇರೆ. ಅಷ್ಟಕ್ಕೇ ಜಾರುವಷ್ಟು ನಿಮ್ಮ ಭುಜ ಸಡಿಲಾಗಿದೆ.

ಭುಜದ ಕೀಲೆಂದರೆ ಸಾಸರಿನ ಮೇಲೆ ಇಟ್ಟ ಲಿಂಬೆಹಣ್ಣಿನ ಹಾಗೆ. ಗುಂಡಿ ಆಳವಿಲ್ಲ. ಅದರ ಸುತ್ತ ಗಟ್ಟಿ ನಾರಿನ ಒಂದು ಅಂಚು, ಆ ಅಂಚಿಗೆ ಅಂಟಿಕೊಂಡು ಎಲುಬಿಗೆ ಎಲುಬನ್ನು ಕಟ್ಟುವ ಲಿಗಮೆಂಟ್‌ಗಳು, ಹೊರಗಿನಿಂದ ಸ್ನಾಯುಗಳು ಸೇರಿ ತೋಳೆಲುಬಿನ ಗುಂಡು ತುದಿಯನ್ನು ಹಿಡಿದಿಟ್ಟಿರುತ್ತವೆ. ಬಹುತೇಕ ಭುಜಗಳು ಮುಂದಕ್ಕೇ ಜಾರುತ್ತವೆ. ಆಗ ಮುಂದಿನ ಕೆಳಗಿನ ಅಂಚು ಎಲುಬಿನಿಂದ ಕಿತ್ತು ಬರುತ್ತದೆ. 1923ರಲ್ಲಿ ಇದನ್ನು ವಿವರಿಸಿದ ಬ್ರಿಟಿಷ್ ಸರ್ಜನ್ ಹೆಸರಿನಲ್ಲಿ ‘ಬ್ಯಾಂಕಾರ್ಟ್’ ಗಾಯ ಎನ್ನುತ್ತಾರೆ. ವ್ಯಾಯಾಮ ಸ್ನಾಯುವನ್ನು ಬಲಪಡಿಸುತ್ತದೆ, ಕಿತ್ತ ಅಂಚನ್ನು ಅಂಟಿಸುವುದಿಲ್ಲ. ಬೀಸುಬಲೆ ಎಸೆಯುವಾಗ, ವಾಲಿಬಾಲ್ ಸ್ಮ್ಯಾಶ್ ಹೊಡೆಯುವಾಗ ಕೈ ಮೇಲೆದ್ದು ಹಿಂದಕ್ಕೆ ತಿರುಗುತ್ತದಲ್ಲ, ಅಪಾಯ ಅಲ್ಲೇ. ಇಪ್ಪತ್ತರ ಆಸುಪಾಸಿನ ಆಟಗಾರರಲ್ಲಿ ಮತ್ತೆ ಜಾರುವುದು ತುಂಬಾ ಹೆಚ್ಚು. ಹಾಗಾಗಿ ನಿಮ್ಮ ವಿಷಯದಲ್ಲಿ ಆಪರೇಶನ್ ಕಡೆಗೇ ನನ್ನ ಒಲವು.

ಆದರೆ ಯಾವ ಆಪರೇಶನ್? ಎಂಆರ್‌ಐ ಜೊತೆಗೆ ಸಿಟಿ ಸ್ಕ್ಯಾನ್ ಬೇಕೇ ಎಂದು ಡಾಕ್ಟರರನ್ನು ಕೇಳಿ. ಪ್ರತಿ ಸಲ ಜಾರಿದಾಗಲೂ ಸಾಸರಿನ ಎಲುಬಿನ ಅಂಚು ಸ್ವಲ್ಪ ಸ್ವಲ್ಪ ಸವೆಯಬಹುದು, ಅದನ್ನು ಸಿಟಿಯೇ ಚೆನ್ನಾಗಿ ಅಳೆಯುವುದು. ಎಲುಬು ಉಳಿದಿದ್ದರೆ ಸಣ್ಣ ರಂಧ್ರಗಳಿಂದ ಆರ್ತ್ರೋಸ್ಕೋಪಿ ಮಾಡಿ, ಅಂದರೆ ಕ್ಯಾಮೆರಾ ನಳಿಕೆ ತೂರಿಸಿ ಕೀಲಿನೊಳಗೆ ನೋಡುತ್ತಾ, ಎಲುಬಿನಂಚಿಗೆ ನೂಲು ಪೋಣಿಸಿದ, ಮೊಳೆಯಂಥ ಪುಟ್ಟ ಆ್ಯಂಕರ್ ಕೂರಿಸಿ, ಅದರ ನೂಲಿನಲ್ಲಿ ಕಿತ್ತ ಅಂಚನ್ನೂ ಸಡಿಲಾದ ಲಿಗಮೆಂಟನ್ನೂ ಬಿಗಿದು ಕಟ್ಟುತ್ತಾರೆ. ಸಾಸರಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ನೂಲಿನ ಕೆಲಸ ನಿಲ್ಲುವುದು ಕಷ್ಟ. ಸಾಮಾನ್ಯವಾಗಿ ಆಗ ‘ಲಟಾರ್ಜೆ’. ಅಂದರೆ ಪಕ್ಕದ ಎಲುಬಿನ ತುಂಡೊಂದನ್ನು ಸ್ನಾಯು ಸಮೇತ ತಂದು ಸ್ಕ್ರೂ ಹಾಕಿ ಅಂಚಿಗೆ ಕೂರಿಸುವುದು.

ಈ ನಡುವೆ ಮತ್ತೆ ಜಾರಿದರೆ ಗೆಳೆಯರಿಂದ ಎಳೆಸಿಕೊಳ್ಳಬೇಡಿ, ತಿಕ್ಕಿಸಿಕೊಳ್ಳಲೂ ಬೇಡಿ ಮಾರಾಯ್ರೆ. ಭುಜದ ಹೊರಭಾಗ ಜೋಮು ಹಿಡಿದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಏನೇ ಇರಲಿ, ಕೀಲನ್ನು ಮತ್ತೆ ಕೂರಿಸುವ ಮೊದಲು ಎಕ್ಸ್‌ರೇ ಆಗಲಿ.

ಆಪರೇಶನ್ ನಂತರ ಸುಮಾರು ನಾಲ್ಕು ವಾರ ಸ್ಲಿಂಗ್, ಅಂದರೆ ಕೈಯನ್ನು ಕುತ್ತಿಗೆಗೆ ತೂಗುಹಾಕುವ ಪಟ್ಟಿ. ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಆಡಿಸುತ್ತಿರಬೇಕು. ಆಮೇಲೆ ಫಿಸಿಯೋಥೆರಪಿ. ಕಬಡ್ಡಿಗೆ ಆರು ತಿಂಗಳಾದರೂ ಬೇಕು. ಎರಡನೇ ತಿಂಗಳಿಗೇ ನೋವು ಹೋಗಿ ಮೈದಾನ ಕರೆಯುತ್ತದೆ. ಕಟ್ಟಿದ್ದು ಎಲುಬಿಗೆ ಕೂಡಿಕೊಳ್ಳುವುದು ಆಗಿನ್ನೂ ಮುಗಿದಿರುವುದಿಲ್ಲ.