ಹಂಚಿನ ಕಾರ್ಖಾನೆಯ ಚಿಮಣಿಯನ್ನು ಜೆಸಿಬಿಯಿಂದ ಕೆಡವಬಹುದಾ?

ಪ್ರಶ್ನೆ: ನಮ್ಮ ಮನೆಯ ಹಿಂದೆ, ಹೊಳೆ ಬದಿಯಲ್ಲಿ, ಮುಚ್ಚಿಹೋದ ಹಂಚಿನ ಕಾರ್ಖಾನೆ ಇದೆ. ಈಗ ಜಾಗ ಮಾರಾಟವಾಗಿದೆ. ಅಲ್ಲಿನ ಇಟ್ಟಿಗೆ ಚಿಮಣಿಯ ಬುಡವನ್ನು ಜೆಸಿಬಿಯಿಂದ ಕೊರೆದು ಒಂದೇ ದಿನದಲ್ಲಿ ಬೀಳಿಸುತ್ತೇವೆ ಅಂತ ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಅಲ್ಲಿಂದ ನಮ್ಮ ಅಂಗಳಕ್ಕೆ ಇಪ್ಪತ್ತು ಹೆಜ್ಜೆ. ಹೆದರಬೇಕಾ?
– ಮಂಗಳೂರಿನ ಓದುಗರು

ಉತ್ತರ: ಇಪ್ಪತ್ತೇ ಹೆಜ್ಜೆ ಅಂದರೆ ಹೆದರಲೇಬೇಕು.

ಮನೆಗೆ ತಾಗಿದ ತೆಂಗಿನ ಮರವನ್ನು ನಮ್ಮಲ್ಲಿ ಯಾರೂ ಬುಡದಿಂದ ಕಡಿಯುವುದಿಲ್ಲ, ಅಲ್ವಾ? ಮೇಲೆ ಹತ್ತಿ ತಲೆ ಕಡಿದು, ಆಮೇಲೆ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸುತ್ತಾರೆ. ತೆಂಗಿಗಾದರೂ ನಾರಿದೆ, ಎಳೆದ ಕಡೆಗೆ ಇಡಿಯಾಗಿ ಬಾಗುತ್ತದೆ. ಇಟ್ಟಿಗೆಗೆ ನಾರಿಲ್ಲ. ಮೇಲಿನ ಭಾರವನ್ನು ನೂರು ವರ್ಷ ಹೊರುತ್ತದೆ, ಆದರೆ ಒಂದು ಬದಿಯಿಂದ ಎಳೆದರೆ ಗಾರೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ವಾಲಿದ ಚಿಮಣಿ ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಮುರಿಯುವುದು ಜಾಸ್ತಿ. ಮುರಿದ ತುಂಡು ಎತ್ತ ಬೀಳುತ್ತದೆ ಅಂತ ಹೇಳುವುದು ಕಷ್ಟ. ಕೆಲವೊಮ್ಮೆ ಬುಡವೇ ಪುಡಿಯಾಗಿ, ಅಂದುಕೊಂಡ ದಿಕ್ಕು ಬಿಟ್ಟು ಬೇರೆ ಕಡೆಗೆ ತಿರುಗುತ್ತದೆ. ಜೆಸಿಬಿ ಡ್ರೈವರ್ ಕೂತಿರುವುದು ಆ ಬುಡದಿಂದ ಕೆಲವೇ ಅಡಿ ದೂರದಲ್ಲಿ.

ಪಳಗಿದವರ ಲೆಕ್ಕವೂ ತಪ್ಪುವುದುಂಟು. 2010ರ ನವೆಂಬರ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸುಮಾರು 84 ಮೀಟರ್ ಎತ್ತರದ ಚಿಮಣಿಯನ್ನು ಸ್ಫೋಟಕ ಇಟ್ಟು ಬೀಳಿಸಿದರು. ಅದು ಗುರುತು ಮಾಡಿದ ದಿಕ್ಕು ಬಿಟ್ಟು ವಿದ್ಯುತ್ ತಂತಿಗಳ ಮೇಲೆ ಬಿತ್ತು. ಒಂದು ಬದಿಯಲ್ಲಿದ್ದ ಬಿರುಕು ಮೊದಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದೇ ಏಟಿಗೆ ಬೀಳಿಸಲೇಬಾರದು ಅಂತಲ್ಲ. ಅದಕ್ಕೆ ಜಾಗ ಬೇಕು. ಬೀಳುವ ಕಡೆಗೆ ಎತ್ತರದ ಒಂದೂವರೆ ಪಟ್ಟಾದರೂ ಖಾಲಿ ಇರಬೇಕು ಎನ್ನುವುದು ರೂಢಿಯ ಲೆಕ್ಕ. 30 ಮೀಟರ್ ಚಿಮಣಿಗೆ 45 ಮೀಟರ್. 2020ರ ಜನವರಿಯಲ್ಲಿ ಕೊಚ್ಚಿಯ ಮರಡಿನಲ್ಲಿ ಫ್ಲಾಟ್‌ಗಳನ್ನು ಉರುಳಿಸಿದಾಗ ಸುತ್ತ 200 ಮೀಟರ್‌ನಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿದ್ದರು. ನಾವು ಟಿವಿಯಲ್ಲಿ ನೋಡಿದ್ದು ಕೆಲವು ಸೆಕೆಂಡು. ಅದರ ಹಿಂದೆ ತಿಂಗಳುಗಟ್ಟಲೆ ತಯಾರಿ ಇತ್ತು.

ನಿಮ್ಮಲ್ಲಿ ಉಳಿಯುವುದು ತೆಂಗಿನ ಮರದ ದಾರಿಯೇ: ಮೇಲಿನಿಂದ ಸಾಲು ಸಾಲಾಗಿ ಬಿಚ್ಚುವುದು. ಇದಕ್ಕೆ ವಾರಗಳೇ ಹಿಡಿಯಬಹುದು. ಸುತ್ತ ಅಟ್ಟಣಿಗೆ ಕಟ್ಟಬೇಕು, ಅದು ಚಿಮಣಿಗೆ ಆತುಕೊಳ್ಳದೆ ತನ್ನ ಕಾಲ ಮೇಲೆ ನಿಲ್ಲಬೇಕು. ಕೆಲಸದವರ ಸೇಫ್ಟಿ ಬೆಲ್ಟನ್ನೂ ಬಿಚ್ಚುತ್ತಿರುವ ಗೋಡೆಗೆ ಸಿಕ್ಕಿಸಬಾರದು. ಗೋಡೆಯಲ್ಲಿರುವ ಹಳೆಯ ಕಬ್ಬಿಣದ ಮೆಟ್ಟಿಲನ್ನಂತೂ ನಂಬಬೇಡಿ. ನಮ್ಮ ಉಪ್ಪುಗಾಳಿಗೆ ಅದು ಒಳಗೇ ತುಕ್ಕು ಹಿಡಿದಿರುತ್ತದೆ. ಸುತ್ತ ಬಿಗಿದ ಕಬ್ಬಿಣದ ಪಟ್ಟಿಗಳಿದ್ದರೆ ಗುಜರಿಗಾಗಿ ಮೊದಲೇ ಕತ್ತರಿಸುವ ಆಸೆ ಬೇಡ. ಚಿಮಣಿಯನ್ನು ಹಿಡಿದಿಟ್ಟಿರುವುದು ಅವೇ ಇರಬಹುದು.

ಬಿಚ್ಚಿದ ಇಟ್ಟಿಗೆಯನ್ನು ಹೊರಗೆ ಎಸೆಯುವ ಹಾಗಿಲ್ಲ. 30 ಮೀಟರ್‌ನಿಂದ ಬಿದ್ದ ಇಟ್ಟಿಗೆ ಎರಡೂವರೆ ಸೆಕೆಂಡಿನಲ್ಲಿ ಕೆಳಗಿರುತ್ತದೆ, ಗಂಟೆಗೆ 85 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ. ‘ಏಯ್’ ಅನ್ನುವಷ್ಟರಲ್ಲಿ ಮುಗಿಯಿತು. ರಾಟೆ, ಬುಟ್ಟಿ ಕಟ್ಟಿ ಇಳಿಸಬೇಕು. ಇಲ್ಲವೇ ಚಿಮಣಿಯ ಹೊಟ್ಟೆಯೊಳಗೆ ಹಾಕಬೇಕು. ಹೊಟ್ಟೆಯೊಳಗೆ ಹಾಕುವಾಗ ಕೆಳಗಿನ ಬಾಗಿಲಿನ ಹತ್ತಿರ ಒಂದು ನಾಯಿಯೂ ಸುಳಿಯದಂತೆ ತಡೆ ಬೇಕು. ರಾಶಿ ಹೆಚ್ಚುವ ಮೊದಲೇ ಮೇಲಿನ ಕೆಲಸ ಪೂರ್ತಿ ನಿಲ್ಲಿಸಿ ಖಾಲಿ ಮಾಡಬೇಕು. ಬಿಟ್ಟರೆ ಅದು ಒಳಗಿನಿಂದ ಗೋಡೆಯನ್ನು ನೂಕುತ್ತದೆ. ಇದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ಮೊದಲ ಇಟ್ಟಿಗೆ ತೆಗೆಯುವ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ನೋಡಬೇಕು. ಕೆಡವುವ ಕೆಲಸಕ್ಕೆಂದೇ ಐಎಸ್ 4130 ಎಂಬ ಭಾರತೀಯ ಮಾನದಂಡ ಇದೆ. ಬಿರುಕು, ವಾಲಿಕೆ, ಗಾರೆಯೊಳಗೆ ಇಳಿದ ಗೋಳಿ ಬೇರು ಎಲ್ಲ ಲೆಕ್ಕಕ್ಕೆ ಬರುತ್ತವೆ. ಬೇರು ಕೆಲವೆಡೆ ಗೋಡೆಯನ್ನು ಸೀಳಿರುತ್ತದೆ, ಕೆಲವೆಡೆ ಅದೇ ಹಿಡಿದುಕೊಂಡಿರುತ್ತದೆ, ಸುಮ್ನೆ ಕಿತ್ತು ಎಳೆಯಬಾರದು. ತುದಿಯಲ್ಲಿ ಹೆಜ್ಜೇನು ಇದೆಯಾ ನೋಡಿ. ನಗಬೇಡಿ, ಅಟ್ಟಣಿಗೆ ಮೇಲಿರುವವನಿಗೆ ಓಡಲು ಜಾಗವಿಲ್ಲ.

ಕಾಲವೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ಬಿಡಿ, ಆ ಮಳೆಯಲ್ಲಿ ಆಗದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು, ಅದೂ ಕಡಲ ಗಾಳಿ ಜೋರಾಗುವ ಮೊದಲು, ಬೆಳಗ್ಗೆ.

ನೀವು ಈಗ ಮಾಡಬೇಕಾದದ್ದು: ಅನುಮತಿ ಪತ್ರ ಮತ್ತು ಇಂಜಿನಿಯರ್ ವರದಿ ತೋರಿಸಿ ಅಂತ ಕಂಟ್ರಾಕ್ಟರ್‌ ಹತ್ತಿರ ಕೇಳಿ. ನಿಮ್ಮ ಗೋಡೆಯಲ್ಲಿ ಈಗಿರುವ ಬಿರುಕುಗಳ ಫೋಟೋ ತೆಗೆದಿಡಿ. ಪಕ್ಕದಲ್ಲಿ ತಂತಿ ಹೋಗಿದ್ದರೆ ಮೆಸ್ಕಾಂಗೆ ತಿಳಿಸಿ. ಉತ್ತರ ಸರಿ ಬರದಿದ್ದರೆ ಪಾಲಿಕೆಗೆ ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಇದೆಲ್ಲ ಜೆಸಿಬಿ ಗೇಟಿನೊಳಗೆ ಬರುವ ಮೊದಲೇ ಆಗಲಿ. ಬುಡಕ್ಕೆ ಒಮ್ಮೆ ಏಟು ಬಿದ್ದ ಚಿಮಣಿಗೆ ಆಮೇಲೆ ಅಟ್ಟಣಿಗೆ ಕಟ್ಟಲು ಯಾರೂ ಒಪ್ಪುವುದಿಲ್ಲ.